ಶೇಷ

ದಕ್ಕೆಯ ಆಫೀಸಿನಲ್ಲಿ ಕಂಪ್ಯೂಟರು ಒಂದೇ.
ಅದರೊಳಗೆ ಪೈಥಾನು ಎರಡು:
ಎರಡು ಪಾಯಿಂಟ್ ಏಳು, ಮೂರು ಪಾಯಿಂಟ್ ಹನ್ನೊಂದು.
ಒಂದು ಹುತ್ತದಲ್ಲಿ ಎರಡು ಹೆಬ್ಬಾವು ಹೇಗೆ ಮಾರ್ರೆ
ಎಂದು ನಗುತ್ತಾರೆ ಇದ್ದಿನಾಕ, ಮೂರು ಟ್ರಾಲ್ ಬೋಟಿನ ಧನಿ.
ಹುತ್ತಕ್ಕೆ ಎರಡು ಬಾಯಿ ಇಟ್ಟಿದ್ದೇನೆ, ಅಷ್ಟೇ.

ಹಳೆಯದರಲ್ಲಿರುವುದು ಆಲ್ಬನ್ ಮಾಸ್ಕರೇನಸ್ ಬರೆದ ಪಾಲಿನ ಲೆಕ್ಕ.
ಅವನೀಗ ಬಜ್ಪೆಯಲ್ಲಿ ಹಂದಿ ಸಾಕುತ್ತಾನೆ.
ಫೋನು ಮಾಡಿದರೆ "ಅದು ಇನ್ನೂ ಓಡ್ತದಾ?"
ಎಂದು ಹೆದರಿದವನ ಹಾಗೆ ಕೇಳುತ್ತಾನೆ.
ಹೊಸದು ಬಂದದ್ದು ಬ್ಯಾಂಕಿನ ಒತ್ತಾಯಕ್ಕೆ, ತೆರಿಗೆಯ ಕಾಗದಕ್ಕೆ.

ಹಳೆಯದಕ್ಕೆ ಹೇಳು ಎಂದರೆ ಸಾಕು, ಹೇಳುತ್ತದೆ.
ಹೊಸದಕ್ಕೆ ಹೇಳಬೇಕಾದ್ದನ್ನೆಲ್ಲ ಆವರಣದೊಳಗಿಟ್ಟು
ತಟ್ಟೆಯಲ್ಲಿ ವೀಳ್ಯ ಕೊಟ್ಟ ಹಾಗೆ ಕೊಡಬೇಕು,
ಇಲ್ಲವೆಂದರೆ ಮುಖ ತಿರುಗಿಸುತ್ತದೆ.
ಅದಕ್ಕೇ ಪ್ರತಿ ಕಡತದ ನೆತ್ತಿಗೆ ಒಂದು ಸಾಲು:
ಇದನ್ನು ಓದತಕ್ಕವರು ಇಂಥವರು.
ಲಕೋಟೆಯ ಮೇಲಿನ ವಿಳಾಸ.

ಮೊದಲ ವಾರ ವಿಳಾಸ ತಪ್ಪಿತು.

ನವೆಂಬರಿನ ಮಂಗಳವಾರ, ಬೆಳಗಿನ ಐದು ಗಂಟೆ.
ಬಂಗುಡೆ ನಲವತ್ತೇಳು ಪೆಟ್ಟಿಗೆ, ಪಾಲು ಒಂಬತ್ತು.
ಹಳೆಯದಾಗಿದ್ದರೆ ಐದು ಎಂದು ಸುಮ್ಮನಾಗುತ್ತಿತ್ತು.
ಒಂಬತ್ತೈದ್ಲಿ ನಲವತ್ತೈದು. ಮಿಕ್ಕ ಎರಡರ ಸುದ್ದಿಗೆ ಅದು ಹೋಗುವುದಿಲ್ಲ,
ಸದ್ದಿಲ್ಲದೆ ಬಿಟ್ಟುಬಿಡುವುದು ಅದರ ಹುಟ್ಟುಗುಣ.
ಬಿಟ್ಟದ್ದು ಪರದೆಯ ಮೇಲೆ ಇರುವುದಿಲ್ಲ,
ಒದ್ದೆ ಸಿಮೆಂಟಿನ ಮೇಲೆ ಇರುತ್ತದೆ.
ಅದನ್ನು ಬೆಂಗ್ರೆಯಿಂದ ಮೊದಲ ದೋಣಿಗೆ ಬರುವ ಸೇಸಕ್ಕ
ಮತ್ತು ಮೀನು ಆಯುವ ಐದಾರು ಹೆಂಗಸರು
ಹತ್ತು ವರ್ಷದಿಂದ ಎತ್ತಿಕೊಳ್ಳುತ್ತಿದ್ದರು.
ಯಾರೂ ಕೊಟ್ಟದ್ದಲ್ಲ. ಯಾರೂ ತಡೆದದ್ದೂ ಅಲ್ಲ.

ಆ ಮಂಗಳವಾರ ಹೊಸದು ಹೇಳಿತು:
ಐದು ಪಾಯಿಂಟ್ ಎರಡು ಎರಡು ಎರಡು ಎರಡು
ಪರದೆಯ ಅಂಚಿನವರೆಗೂ ಎರಡು.
ನೆಲದ ಮೇಲೆ ಏನೂ ಇಲ್ಲ.

ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು ಸೇಸಕ್ಕ.
"ಪಾಯಿಂಟ್ ಎರಡು ಅಂದ್ರೆ ಎಷ್ಟು ಬಂಗುಡೆ ಮಗಾ?
ತಲೆ ಬದಿಯಾ, ಬಾಲದ ಬದಿಯಾ?"
ನನ್ನಲ್ಲಿ ಉತ್ತರ ಇತ್ತು. ಬಾಯಿ ಇರಲಿಲ್ಲ.

ಸರಿ ಮಾಡಬಹುದಿತ್ತು.
ಭಾಗಿಸುವ ಓರೆಗೀಟಿನ ಪಕ್ಕ ಇನ್ನೊಂದು ಓರೆಗೀಟು,
ಬಂಗುಡೆಯ ಮುಳ್ಳಿನಷ್ಟು ಸಣ್ಣದು, ಎಳೆದರೆ
ಹೊಸದೂ ಐದೇ ಎನ್ನುತ್ತದೆ.
ಬೆರಳು ಕೀಲಿಯವರೆಗೆ ಹೋಗಿ ನಿಂತಿತು.
ಹಳೆಯದರಲ್ಲಿ ಅದು ಯಾರೂ ಮಾಡದ ತೀರ್ಮಾನ,
ಆರೇಳು ಮನೆಯ ಸಾರನ್ನು ತಾನು ಬರೆಯುತ್ತಿದ್ದೇನೆಂದು
ಆಲ್ಬನ್ನನಿಗೂ ಗೊತ್ತಿರಲಿಲ್ಲ.
ಹೊಸದರಲ್ಲಿ ಎಳೆದರೆ ಅದು ನನ್ನ ಗೀಟು.
ನಾಳೆ ಆಡಿಟರು ಅದರ ಮೇಲೆ ಬೆರಳಿಟ್ಟು ಕೇಳಬಹುದು:
ಇದು ಎಂತದು? ದಾನವಾ, ತಪ್ಪಾ?
ತಪ್ಪು ಎನ್ನಲು ನಾಚಿಕೆ.
ದಾನ ಎನ್ನಲು ಮೀನು ನನ್ನದಲ್ಲ.

ಹಾಗಾಗಿ ಎರಡೂ.
ಐದಕ್ಕೆ ಹಳೆಯದನ್ನು ಎಬ್ಬಿಸುತ್ತೇನೆ, ಪಾಲು ಮುಗಿಸಿ ಮಲಗುತ್ತದೆ.
ಒಂಬತ್ತಕ್ಕೆ ಹೊಸದು, ಪಾಲಾದದ್ದನ್ನಷ್ಟೇ ಕೇಳಿಕೊಂಡು
ಪೈಸೆ ಪೈಸೆ ಬರೆದು ಬ್ಯಾಂಕಿಗೆ ಕಳಿಸುತ್ತದೆ.
ಒಂದರ ಸಾಮಾನು ಇನ್ನೊಂದರ ಕೋಣೆಗೆ ಹೋಗದ ಹಾಗೆ ಬೀಗ.
ಹಳೆಯದಕ್ಕೆ ಏನಾದರೂ ತರಿಸಲು ಹೋದರೆ ಸಿಗುವುದು ಎಚ್ಚರಿಕೆ:
ಈ ಆವೃತ್ತಿಗೆ ಇನ್ನು ಬೆಂಬಲವಿಲ್ಲ.
ಇದ್ದಿನಾಕ ಓದಿ ಹೇಳಿದರು, "ದಕ್ಕೆಯಲ್ಲಿ ಬೆಂಬಲ ಯಾರಿಗುಂಟು?"
ಅವರಿಗೆ ಎಷ್ಟು ಗೊತ್ತು, ನಾನು ಕೇಳಿಲ್ಲ.

ನಿನ್ನೆ ಐವತ್ತನಾಲ್ಕು ಪೆಟ್ಟಿಗೆ.
ಸುಮ್ಮನೆ ಕುತೂಹಲಕ್ಕೆ ಎರಡನ್ನೂ ಕೇಳಿದೆ.
ಒಂದು ಆರು ಎಂದಿತು,
ಇನ್ನೊಂದು ಆರು ಪಾಯಿಂಟ್ ಸೊನ್ನೆ.
ಸೇಸಕ್ಕ ಒಳಗೆ ಇಣುಕಿ ನನ್ನ ಮುಖ ನೋಡಿದಳು.
"ಎರಡೂ ಒಪ್ಪಿದ ದಿನ ನಮಗೆ ಸಾರಿಲ್ಲ, ಅಲ್ವಾ?"
ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕುಳಿತು
ಎಲೆಗೆ ಸುಣ್ಣ ಹಚ್ಚತೊಡಗಿದಳು.
ಅಳಿವೆಯ ಕಡೆಯಿಂದ ಇನ್ನೊಂದು ಬೋಟಿನ ಸದ್ದು.